ಗೋದಾಮಿಗೆ ಯಂತ್ರ ಬರ್ತದಂತ, ನನ್ನ ಗತಿ?

ಪ್ರಶ್ನೆ: ನಮ್ಮೂರು ಜಾಂಬೋಟಿ. ಬೆಳಗಾವಿ ಶಹಾಪುರದ ಸಗಟು ಬಟ್ಟೆ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ 17 ವರ್ಷದಿಂದ ಇದ್ದೇನೆ. ಯಾವ ರೋಲು ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಈಗ ಸಾವುಕಾರರ ಮಗ ಎಲ್ಲ ಆಟೊಮ್ಯಾಟಿಕ್ ಮಾಡಿಸುತ್ತೇನೆ, ರೋಲುಗಳ ಮಾಹಿತಿ ಬರೆದುಕೊಡು ಎನ್ನುತ್ತಿದ್ದಾನೆ. ಕೊಟ್ಟರೆ ನನ್ನ ಕೆಲಸ ಹೋಗುತ್ತದೆ, ಕೊಡದಿದ್ದರೆ ಅವನಿಗೆ ಸಿಟ್ಟು. ಊರಲ್ಲಿ ನಮ್ಮದೊಂದು ಶೆಡ್ ಖಾಲಿ ಇದೆ. ಅದನ್ನೇ ಅವರಿಗೆ ಗೋದಾಮಾಗಿ ಬಾಡಿಗೆಗೆ ಕೊಟ್ಟು ಊರಲ್ಲೇ ಉಳಿದುಬಿಡಲೇ?
– ಹೆಸರು ಬೇಡ, ಜಾಂಬೋಟಿ

ಉತ್ತರ: ಬರೆದುಕೊಡಿ. ಆದರೆ ಸುಮ್ಮನೆ ಹಾಳೆಯಲ್ಲಿ ಗೀಚಿ ಕೈತೊಳೆದುಕೊಳ್ಳಬೇಡಿ. ಗೋದಾಮಿಗೆ ನಂಬರು ಹಾಕುವ ಕೆಲಸವನ್ನೇ ನಿಮ್ಮ ಕೈಗೆ ತೆಗೆದುಕೊಳ್ಳಿ.

ನಿಮ್ಮ ನೆನಪು ದೊಡ್ಡ ಆಸ್ತಿ, ಒಪ್ಪಿದೆ. ಆದರೆ ನೀವು ಜ್ವರ ಬಂದು ಮಲಗಿದ ದಿನ ಸಾವುಕಾರರಿಗೆ ಅದೇ ತಲೆನೋವು. ಮಗನ ತಲೆಯಲ್ಲಿ ಯಂತ್ರ ಹೊಕ್ಕಿದ್ದಕ್ಕೆ ಅದೂ ಒಂದು ಕಾರಣವಿದ್ದೀತು. ಬಚ್ಚಿಟ್ಟರೆ ಹೊರಗಿನವರನ್ನು ಕರೆಸಿ ಎಣಿಸುತ್ತಾರೆ, ತಪ್ಪುತಪ್ಪಾಗಿಯಾದರೂ ಮುಗಿಸುತ್ತಾರೆ. ಆಮೇಲೆ ನಿಮ್ಮನ್ನು ಕೇಳುವವರಿರುವುದಿಲ್ಲ.

ಯಂತ್ರಕ್ಕೆ ಏನು ಗೊತ್ತಿರುತ್ತದೆ ಎಂಬುದನ್ನು ನೋಡಿ. ಲೇಬಲಿನಲ್ಲಿ ಬರೆದಷ್ಟು, ಅಷ್ಟೇ. ಒಂದೇ ನೀಲಿ, ಒಂದೇ ನಂಬರು, ಆದರೆ ಬೇರೆ ಬೇರೆ ಬಾರಿ ಬಣ್ಣಕ್ಕೆ ಹಾಕಿದ ಎರಡು ಲಾಟು. ಅವೆರಡನ್ನೂ ಬೆರೆಸಿ ಕತ್ತರಿಸಿದರೆ ತೋಳೊಂದು ಬಣ್ಣ, ಮೈಯೊಂದು ಬಣ್ಣ. ಇದನ್ನು ಬೆಳಕಿಗೆ ಹಿಡಿದು ಹೇಳುವವರು ನೀವು. ಲೇಬಲಿನ ಮೇಲೆ ಮೀಟರು, ಅಗಲಗಳ ಜೊತೆ ಲಾಟು, ಶೇಡು ಇರಲೇಬೇಕೆಂದು ಹಟ ಹಿಡಿಯಿರಿ. ಪ್ಲಾಸ್ಟಿಕ್ ಹೊದಿಕೆ ಹರಿದಾಗ ಅದರ ಮೇಲಿನ ಲೇಬಲೂ ಹೋಗುತ್ತದೆ. ಇನ್ನೊಂದನ್ನು ಒಳಗಿನ ರಟ್ಟಿನ ಕೊಳವೆಗೆ ಅಂಟಿಸಿ.

ಕತ್ತರಿಸಿ ಉಳಿದ ತುಂಡಿನ ಲೆಕ್ಕದಲ್ಲೇ ಎಲ್ಲ ಗೋದಾಮುಗಳೂ ಎಡವುವುದು. ಅದಕ್ಕೆ ತಕ್ಕಡಿ ಸಾಕು. ಒಂದೂವರೆ ಮೀಟರು ಅಗಲ, 150 ಜಿಎಸ್‌ಎಂ (ಚದರ ಮೀಟರಿಗೆ 150 ಗ್ರಾಂ) ಬಟ್ಟೆಯಾದರೆ ಮೀಟರಿಗೆ 225 ಗ್ರಾಂ. ನೂರು ಮೀಟರಿನ ರೋಲು ಕೊಳವೆ ಬಿಟ್ಟು 22.5 ಕೆ.ಜಿ. ವಾಪಸು ಬಂದ ರೋಲು ಕೊಳವೆ ಕಳೆದು 9 ಕೆ.ಜಿ. ತೂಗಿದರೆ ಉಳಿದಿರುವುದು 40 ಮೀಟರು. ಮಳೆಗಾಲದಲ್ಲಿ ಮಾತ್ರ ಹತ್ತಿ ಗಾಳಿಯ ತೇವ ಹೀರಿ ತೂಕ ಏರಿಸಿಕೊಳ್ಳುತ್ತದೆ, ಪಾಲಿಯೆಸ್ಟರಿಗೆ ಆ ಚಾಳಿ ಇಲ್ಲ ಎನ್ನಬಹುದು. ಈ ವ್ಯತ್ಯಾಸ ಇಟ್ಟುಕೊಂಡು ಲೆಕ್ಕ ಓದಬಲ್ಲವನು ಕಂಪ್ಯೂಟರಿನ ಮುಂದೆ ಬೇಕೇ ಬೇಕು. ಆ ಕುರ್ಚಿ ಕೇಳಿ. ಸ್ಕ್ಯಾನರು ಹಿಡಿಯಲು ಇಂಗ್ಲಿಷು ಬೇಕಾಗಿಲ್ಲ. ಪಿಯುಸಿ ಓದುವ ಮನೆಯ ಮಕ್ಕಳು ಎರಡು ಸಂಜೆಯಲ್ಲಿ ಕಲಿಸಿಯಾರು.

ಸಾವುಕಾರರ ಮಗನಿಗೂ ಒಂದು ಮಾತು, ಬೇಕಾದರೆ ಈ ಅಂಕಣವನ್ನೇ ಓದಿ ಹೇಳಿ. ಸಾಲುಗಳ ನಡುವೆ ತಾನೇ ಓಡಾಡಿ ರೋಲು ತರುವ ಕ್ರೇನು ಸೂರತ್ತಿನ ದೊಡ್ಡ ಮಿಲ್ಲಿಗೆ ಸರಿ. ನಮ್ಮ ಶಹಾಪುರ, ವಡಗಾವಿಯ ಓಣಿಗಳ ಗೋದಾಮಿಗೆ ಅದು ಬಡ್ಡಿ ಕಟ್ಟುವ ದಾರಿ. ಮೊದಲು ರಾಶಿ ಒಡೆಯಬೇಕು. ರಾಶಿಯಲ್ಲಿ ಕೆಳಗಿನ ರೋಲು ಚಪ್ಪಟೆಯಾಗಿ ಮಡಿಕೆ ಬೀಳುತ್ತದೆ, ಅದನ್ನೇ ತೆಗೆಯಬೇಕೆಂದರೆ ಮೇಲಿನ ಹತ್ತನ್ನು ಇಳಿಸಬೇಕು. ತೋಳು ಚಾಚಿದ ಕಬ್ಬಿಣದ ರ‍್ಯಾಕು, ಬಾರ್‌ಕೋಡು, ಒಂದು ತಳ್ಳುಗಾಡಿ, ಭಾರ ಎತ್ತುವ ಸಣ್ಣ ಹಾಯ್ಸ್ಟು: ಇಷ್ಟಕ್ಕೇ ಅರ್ಧ ಜಗಳ ಮುಗಿಯುತ್ತದೆ. ಹಮಾಲರ ಸೊಂಟವೂ ಉಳಿಯುತ್ತದೆ.

ಸುಳ್ಳು ಧೈರ್ಯ ಹೇಳಲಾರೆ. ಶಹಾಪುರದಲ್ಲಿ, ಖಾಸಬಾಗದಲ್ಲಿ ಕುಣಿಮಗ್ಗ ಹೋಗಿ ವಿದ್ಯುತ್ ಮಗ್ಗ ಬಂದಾಗ ಎಲ್ಲರ ಕೆಲಸವೂ ಉಳಿಯಲಿಲ್ಲ. ಬರೀ ಎತ್ತಿಡುವವರು ಇಲ್ಲೂ ಕಡಿಮೆಯಾಗುತ್ತಾರೆ. ನಿಮ್ಮ ಜೊತೆಯ ಹುಡುಗರಿಗೂ ಸ್ಕ್ಯಾನರು ಕಲಿಸಿ.

ಕಾನೂನೂ ತಿಳಿದಿರಲಿ. ವರ್ಷ ಪೂರೈಸಿದ ಕೆಲಸಗಾರನನ್ನು ಹೆಚ್ಚಾದನೆಂದು ತೆಗೆದರೆ ಒಂದು ತಿಂಗಳ ನೋಟಿಸು ಅಥವಾ ಆ ತಿಂಗಳ ಸಂಬಳ, ಜೊತೆಗೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಕೊಡಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದ ಈ ರಕ್ಷಣೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ನಿಮ್ಮ 17 ವರ್ಷಕ್ಕೆ 255 ದಿನದ ಸಂಬಳವಾಯಿತು. ಹತ್ತು ಜನರಿಗೆ ಕಡಿಮೆ ಇಲ್ಲದ ಅಂಗಡಿಯಾದರೆ ಗ್ರಾಚ್ಯುಟಿ ಬೇರೆ. ಆದರೆ ನೀವು ಅಲ್ಲಿ ದುಡಿದಿದ್ದಕ್ಕೆ ಕಾಗದ ಬೇಕು: ಸಂಬಳದ ಚೀಟಿ, ಪಿಎಫ್ ನಂಬರು, ಬ್ಯಾಂಕ್ ಪಾಸ್‌ಬುಕ್ಕು. ಇವತ್ತೇ ಒಂದು ಚೀಲಕ್ಕೆ ಹಾಕಿಡಿ.

ಶೆಡ್ಡಿನ ಯೋಚನೆ ಬಿಟ್ಟುಬಿಡಿ. ಜಾಂಬೋಟಿಯ ಮಳೆ ನಿಮಗೆ ನಾನು ಹೇಳಬೇಕೇ? ಕಣಕುಂಬಿ ಕಡೆಯಿಂದ ಮೋಡ ಇಳಿದರೆ ಗೋಡೆಯೇ ಬೆವರುತ್ತದೆ. ಅಂಥಲ್ಲಿ ಹತ್ತಿ ಬಟ್ಟೆಗೆ ಬೂಷ್ಟು, ರಟ್ಟಿನ ಕೊಳವೆಗೆ ಗೆದ್ದಲು ಖಂಡಿತ. ಮಾಲು ಕೆಟ್ಟರೆ ಬಾಡಿಗೆಯ ಹತ್ತು ಪಟ್ಟು ನಿಮ್ಮ ತಲೆಗೆ ಬರುತ್ತದೆ.

ನಾಳೆ ಸಾವುಕಾರರ ಮುಂದೆ ಕೂತು, ಎಣಿಕೆ ನಾನೇ ಮಾಡುತ್ತೇನೆ, ಹೊಸ ವ್ಯವಸ್ಥೆಯಲ್ಲಿ ನನ್ನ ಹುದ್ದೆ, ಸಂಬಳ ಏನೆಂದು ಬರೆದುಕೊಡಿ ಎಂದು ಕೇಳಿ. ಶ್ರಾವಣದ ವ್ಯಾಪಾರ ಹತ್ತಿದ ಮೇಲೆ ಅವರಿಗೂ ಪುರಸೊತ್ತಿರುವುದಿಲ್ಲ, ಅದಕ್ಕೆ ಮೊದಲೇ ಕೇಳಿ.