ಅಂಚಿನ ಲೆಕ್ಕ: ಮುದ್ರಣಪ್ರತಿಯಲ್ಲಿ ಬ್ಲೀಡ್ ಮತ್ತು ಟ್ರಿಮ್

ಪುಸ್ತಕವೊಂದು ಓದುಗರ ಕೈಸೇರುವ ಮುನ್ನ ಕಟ್ಟಕಡೆಗೆ ಎದುರಿಸಬೇಕಾದುದು ಕತ್ತರಿಸುವ ಯಂತ್ರದ ಅಲಗನ್ನು. ಲೇಖನಗಳನ್ನು ತಿದ್ದಿದವರ, ಚಿತ್ರಗಳನ್ನು ಆಯ್ದವರ, ಪುಟಗಳನ್ನು ಹೊಂದಿಸಿದವರ ಶ್ರಮವೆಲ್ಲವೂ ಅಲ್ಲಿ ಕ್ಷಣಮಾತ್ರದಲ್ಲಿ ಪರೀಕ್ಷೆಗೆ ಒಳಗಾಗುತ್ತದೆ. ಹಾಳೆಗಳನ್ನು ಮಡಿಸಿ, ಒಟ್ಟಿ, ಒತ್ತಿಹಿಡಿದು ಕತ್ತರಿಸುವಾಗ ಪ್ರತಿಯೊಂದು ಹಾಳೆಯೂ ಗೆರೆಯ ಮೇಲೆಯೇ ತುಂಡಾಗುವುದಿಲ್ಲ. ಒಂದು ಮಿಲಿಮೀಟರಿನಷ್ಟು ಆಚೀಚೆ ಸರಿಯುವುದುಂಟು. ಈ ವ್ಯತ್ಯಾಸವನ್ನು ಪೂರ್ತಿಯಾಗಿ ನೀಗಿಸಲಾಗದು. ಅದಕ್ಕೆ ಮೊದಲೇ ಎಡೆಮಾಡಿಕೊಡುವುದೇ ಜಾಣತನ.

ಪುಟದಲ್ಲಿ ಮೂರು ಎಲ್ಲೆಗಳನ್ನು ಗುರುತಿಸಬೇಕು. ಕತ್ತರಿಸಿದ ಮೇಲೆ ಉಳಿಯುವ ನಿಜವಾದ ಅಳತೆಯು ಟ್ರಿಮ್. ಅದರಾಚೆಗೆ ಬಣ್ಣವನ್ನೂ ಚಿತ್ರವನ್ನೂ ಚಾಚಿಸಿದ ಹೆಚ್ಚುವರಿ ಭಾಗವು ಬ್ಲೀಡ್. ಸಾಮಾನ್ಯವಾಗಿ ಇದು ಪ್ರತಿ ಬದಿಗೂ 3 ಮಿ.ಮೀ. ಟ್ರಿಮ್ ಗೆರೆಯಿಂದ ಒಳಕ್ಕೆ ಕನಿಷ್ಠ 5 ಮಿ.ಮೀ. ಬಿಟ್ಟು, ಅಕ್ಷರ, ಮುಖ, ಲಾಂಛನಗಳೆಲ್ಲವನ್ನೂ ಇರಿಸತಕ್ಕ ಪ್ರದೇಶವು ಸುರಕ್ಷಿತ ಭಾಗ. ಬ್ಲೀಡ್ ಇಲ್ಲದಿದ್ದರೆ ಬಣ್ಣದ ಅಂಚಿನಲ್ಲಿ ಬಿಳಿಯ ಎಳೆ ಇಣುಕುತ್ತದೆ. ಸುರಕ್ಷಿತ ಭಾಗವನ್ನು ಮೀರಿದರೆ ಅಕ್ಷರವೇ ಅಲಗಿಗೆ ಸಿಕ್ಕುತ್ತದೆ.

ಉದಾಹರಣೆಗೆ, ಎ4 ಪುಟದ ಟ್ರಿಮ್ 210×297 ಮಿ.ಮೀ. ನಾಲ್ಕು ಬದಿಗೂ 3 ಮಿ.ಮೀ. ಸೇರಿಸಿದರೆ 216×303 ಮಿ.ಮೀ. ಆಗುತ್ತದೆ. ಅಂಚಿನವರೆಗೂ ಹರಡುವ ಛಾಯಾಚಿತ್ರಕ್ಕೆ ಇಂಚಿಗೆ 300 ಚುಕ್ಕೆಗಳ ಸಾಂದ್ರತೆ ಬೇಕೆಂದರೆ ಅದು ಸುಮಾರು 2551×3579 ಪಿಕ್ಸೆಲ್‌ಗಳಷ್ಟಿರಬೇಕು. ಮುಖಪುಟದ ಹಾಳೆಗೆ ಬೆನ್ನಿನ ಅಗಲವನ್ನೂ ಕೂಡಿಸತಕ್ಕದ್ದು. 200 ಪುಟಗಳೆಂದರೆ 100 ಹಾಳೆಗಳು. ಕಾಗದದ ದಪ್ಪ 0.1 ಮಿ.ಮೀ. ಆದರೆ ಬೆನ್ನು 10 ಮಿ.ಮೀ. ಆಗ ಮುಖಪುಟ, ಬೆನ್ನು, ಹಿಂಬದಿ ಸೇರಿ ಬ್ಲೀಡ್ ಸಹಿತ ಹಾಳೆಯ ಅಳತೆ 436×303 ಮಿ.ಮೀ.

ಪಿಡಿಎಫ್ ಕಡತದಲ್ಲಿ ಈ ಎಲ್ಲೆಗಳನ್ನು ಮೀಡಿಯಾ ಬಾಕ್ಸ್, ಬ್ಲೀಡ್ ಬಾಕ್ಸ್, ಟ್ರಿಮ್ ಬಾಕ್ಸ್ ಎಂಬ ಹೆಸರಿನ ಚೌಕಟ್ಟುಗಳು ದಾಖಲಿಸುತ್ತವೆ. ಹೊರಗಿನದು ಮೀಡಿಯಾ, ಅದರೊಳಗೆ ಬ್ಲೀಡ್, ಅದರೊಳಗೆ ಟ್ರಿಮ್. ಟ್ರಿಮ್ ಬಾಕ್ಸ್ ನಮೂದಾಗದಿದ್ದರೆ ಯಂತ್ರವು ಇಡೀ ಪುಟವನ್ನೇ ಅಂತಿಮ ಅಳತೆಯೆಂದು ಭಾವಿಸುತ್ತದೆ. ಆದ್ದರಿಂದಲೇ ಮುದ್ರಣಕ್ಕೆಂದು ರೂಪುಗೊಂಡ ಪಿಡಿಎಫ್/ಎಕ್ಸ್ ಮಾನಕವು ಅಂತಿಮ ಅಳತೆಯನ್ನು ಸ್ಪಷ್ಟವಾಗಿ ನಮೂದಿಸಬೇಕೆಂದು ವಿಧಿಸುತ್ತದೆ. ಇನ್‌ಡಿಸೈನ್, ಸ್ಕ್ರೈಬಸ್ ಮೊದಲಾದ ತಂತ್ರಾಂಶಗಳಲ್ಲಿ ಪುಟವನ್ನು ತೆರೆಯುವಾಗ ಟ್ರಿಮ್ ಅಳತೆಯನ್ನೇ ಕೊಟ್ಟು, ಬ್ಲೀಡನ್ನು ಪ್ರತ್ಯೇಕವಾಗಿ ಸೂಚಿಸಬೇಕು. ಪಿಡಿಎಫ್ ಮಾಡುವಾಗ ಅದೇ ಬ್ಲೀಡನ್ನು ಬಳಸುವ ಆಯ್ಕೆಯನ್ನು ಗುರುತಿಸಲು ಮರೆಯಬಾರದು. ಎಷ್ಟೋ ಕಡತಗಳು ಕೆಡುವುದು ಇದೊಂದೇ ಮರೆವಿನಿಂದ. ಕತ್ತರಿಸುವ ಗುರುತುಗಳು ಬ್ಲೀಡಿನೊಳಕ್ಕೆ ಚಾಚದಂತೆ 3 ಮಿ.ಮೀ. ಆಚೆಗಿರಬೇಕು.

ಕನ್ನಡದ ಪುಟಗಳಿಗೆ ಇನ್ನೂ ಎರಡು ಎಚ್ಚರಿಕೆಗಳು ಅವಶ್ಯ. ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುವುದರಿಂದ ಪುಟದ ಅಡಿಯ ಕೊನೆಯ ಸಾಲಿಗೆ ತುಸು ಹೆಚ್ಚು ಜಾಗ ಬಿಡಬೇಕು. ಅಕ್ಷರಮಾದರಿಗಳನ್ನು ಕಡತದೊಳಗೇ ಅಡಕಗೊಳಿಸಬೇಕು. ಇಲ್ಲವಾದರೆ ಬೇರೆ ಗಣಕದಲ್ಲಿ ಅಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ.

ಸ್ಮರಣ ಸಂಪುಟಗಳಲ್ಲಿ ಈ ಲೆಕ್ಕಕ್ಕೆ ವಿಶೇಷ ಬೆಲೆಯುಂಟು. ತರಗತಿಯ ಸಮೂಹಚಿತ್ರವನ್ನು ಪುಟದ ಅಂಚಿನವರೆಗೂ ಹಿಗ್ಗಿಸಿದರೆ ನೋಟಕ್ಕೆ ಭವ್ಯವೆನಿಸೀತು. ಆದರೆ ಸಾಲಿನ ತುದಿಯಲ್ಲಿ ಸಂಕೋಚದಿಂದ ನಿಂತ ಹುಡುಗನ ಮುಖ ಅರ್ಧಕ್ಕೆ ತುಂಡಾದೀತು. ಅವನ ಬಾಲ್ಯಕ್ಕೆ ಅದೊಂದೇ ಚಿತ್ರ ಸಾಕ್ಷಿಯಾಗಿರಲೂಬಹುದು. ಅಂತಹ ಚಿತ್ರಗಳನ್ನು ಸುರಕ್ಷಿತ ಭಾಗದೊಳಗೇ ಇರಿಸುವುದು ಲೇಸು. ದಾನಿಗಳ ನಾಮಾವಳಿಗೂ ಇದೇ ನಿಯಮ. ಕಡತವನ್ನು ಮುದ್ರಣಾಲಯಕ್ಕೆ ಒಪ್ಪಿಸುವ ಮುನ್ನ ಒಂದು ಪುಟವನ್ನು ಕಾಗದದ ಮೇಲೆ ತೆಗೆದು, ಗೆರೆಗಳ ಮೇಲೆ ಅಳತೆಪಟ್ಟಿಯಿಟ್ಟು ಕತ್ತರಿಸಿ ನೋಡಿದರೆ ದೋಷವು ಅಲ್ಲಿಯೇ ಕಂಡುಬರುತ್ತದೆ. ಮೂರು ಮಿಲಿಮೀಟರಿನ ಮುನ್ನೆಚ್ಚರಿಕೆಯು ಸಾವಿರ ಪ್ರತಿಗಳನ್ನು ಕಾಪಾಡಬಲ್ಲದು.