ಸುಡುವ ಕಮರಿ, ಕೊರೆಯುವ ನೀರು

ಕಳೆದ ತಿಂಗಳು ನಮ್ಮ ಚಿಕಿತ್ಸಾಲಯಕ್ಕೆ ಅರವತ್ತು ದಾಟಿದ ದಂಪತಿಗಳು ಬಂದಿದ್ದರು. ಮಗ ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಕೆಲಸದಲ್ಲಿದ್ದಾನೆ. ಬೇಸಿಗೆಯಲ್ಲಿ ಬರುವ ಅಪ್ಪ ಅಮ್ಮನನ್ನು ಗ್ರ್ಯಾಂಡ್ ಕ್ಯಾನಿಯನ್ ಕಮರಿಯೊಳಗೆ ರಬ್ಬರ್ ದೋಣಿಯಲ್ಲಿ ಕರೆದೊಯ್ಯಬೇಕೆಂದು ಅವನ ಆಸೆ. 'ಅಲ್ಲಿ ಬಹಳ ಸೆಕೆಯಂತೆ ಡಾಕ್ಟ್ರೇ. ನೀರು ಕುಡೀತಾ ಇದ್ದರೆ ಏನೂ ಆಗೋಲ್ಲ ಅಂತಾನೆ ಮಗ. ಅಷ್ಟು ಸಾಕಲ್ವೇ?' ಎಂದು ಆಕೆ ಕೇಳಿದರು. ಆಕೆ ರಕ್ತದೊತ್ತಡಕ್ಕಾಗಿ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದವರು. ಸಾಲದು ಎಂದೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ. ಮಕ್ಕಳು ಅಮೆರಿಕದಲ್ಲಿರುವ ಮನೆಗಳು ಈಗ ನಮ್ಮಲ್ಲಿ ಕಡಿಮೆಯಿಲ್ಲ.

ಮೊದಲು ಜಾಗದ ಪರಿಚಯ ಮಾಡಿಕೊಳ್ಳೋಣ. ಗ್ರ್ಯಾಂಡ್ ಕ್ಯಾನಿಯನ್ ಎಂಬುದು ಮರುಭೂಮಿಯನ್ನು ಕೊರೆದು ಕೊಲರಾಡೋ ನದಿ ಮಾಡಿಕೊಂಡಿರುವ ಆಳವಾದ ಕಮರಿ. ಒಂದೇ ತೋಳಿನ ಜಾನ್ ವೆಸ್ಲಿ ಪೊವೆಲ್ 1869ರಲ್ಲಿ ಮರದ ದೋಣಿಗಳಲ್ಲಿ ಇದನ್ನು ದಾಟಿದ. ಇಂದು ಲೀಸ್ ಫೆರಿ ಎಂಬಲ್ಲಿ ದೋಣಿ ಹತ್ತಿದರೆ ಕಮರಿಯ ಕೊನೆಯವರೆಗೆ ಸುಮಾರು 446 ಕಿಲೋಮೀಟರ್ ನೀರಿನ ದಾರಿ. ಮೋಟಾರ್ ದೋಣಿಯಲ್ಲಿ ಸುಮಾರು ಒಂದು ವಾರ, ಹುಟ್ಟು ಹಾಕುವ ದೋಣಿಯಲ್ಲಿ ಎರಡು ವಾರ ಬೇಕು. ರಾತ್ರಿ ಮರಳ ದಂಡೆಯ ಮೇಲೆ ಮಲಗಬೇಕು. ಮೊಬೈಲ್ ಫೋನ್ ಸಿಗ್ನಲ್ ಇಲ್ಲ. ಯಾರಿಗಾದರೂ ಕಾಯಿಲೆಯಾದರೆ ಉಪಗ್ರಹ ಫೋನಿನಲ್ಲಿ ತಿಳಿಸಿ ಹೆಲಿಕಾಪ್ಟರಿಗಾಗಿ ಕಾಯಬೇಕು.

ಜುಲೈ ತಿಂಗಳಲ್ಲಿ ಕಮರಿಯ ತಳದಲ್ಲಿ ಮಧ್ಯಾಹ್ನದ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ರಾಯಚೂರು, ಕಲಬುರಗಿಯವರು ನಕ್ಕಾರು. ಆದರೆ ದೋಣಿಯ ಕೆಳಗಿನ ನೀರಿನಲ್ಲಿ ಕೈಯದ್ದಿ ನೋಡಿದರೆ ಅವರ ನಗುವೂ ನಿಂತೀತು. ಕಮರಿಯ ಮೇಲ್ಭಾಗದಲ್ಲಿ ಗ್ಲೆನ್ ಕ್ಯಾನಿಯನ್ ಅಣೆಕಟ್ಟು ಇದೆ. 1963ರಲ್ಲಿ ಅದರಲ್ಲಿ ನೀರು ನಿಲ್ಲಿಸಲು ಆರಂಭಿಸಿದರು. ನದಿಗೆ ನೀರು ಬಿಡುವುದು ಜಲಾಶಯದ ಮೇಲ್ಪದರದಿಂದಲ್ಲ, ಬಿಸಿಲು ಮುಟ್ಟದ ಆಳದಿಂದ. ಹಿಂದೆ ಬೇಸಿಗೆಯಲ್ಲಿ 25 ಡಿಗ್ರಿ ದಾಟುತ್ತಿದ್ದ ನದಿ, ಅಣೆಕಟ್ಟಾದ ಮೇಲೆ ಅದರ ಬುಡದಲ್ಲಿ ಸಾಮಾನ್ಯವಾಗಿ 8ರಿಂದ 12 ಡಿಗ್ರಿಯ ಆಸುಪಾಸಿಗೆ ಇಳಿಯಿತು. ಜಲಾಶಯ ಬಹಳ ಬತ್ತಿದ ವರ್ಷಗಳಲ್ಲಿ ನೀರು ಇದಕ್ಕಿಂತ ಬೆಚ್ಚಗಿರುವುದುಂಟು. ದಾಂಡೇಲಿಯ ಕಾಳಿ ನದಿಯಲ್ಲಿ ದೋಣಿ ಹತ್ತಿದ ಅನುಭವ ಇಲ್ಲಿ ಲೆಕ್ಕಕ್ಕೆ ಬಾರದು.

ಇಂಥ ನೀರಿಗೆ ಥಟ್ಟನೆ ಬಿದ್ದಾಗ ದೇಹ ಏನು ಮಾಡುತ್ತದೆ? ಚಳಿಗಾಲದ ಬೆಳಗ್ಗೆ ಬಾವಿಯ ನೀರನ್ನು ತಲೆಯ ಮೇಲೆ ಸುರಿದುಕೊಂಡಾಗ 'ಹಾ' ಎಂದು ಉಸಿರೆಳೆಯುತ್ತೀರಲ್ಲ, ಅದೇ ಇನ್ನೂ ಜೋರಾಗಿ ನಡೆಯುತ್ತದೆ. ತಲೆ ನೀರಿನೊಳಗಿರುವಾಗ ಹೀಗಾದರೆ ಶ್ವಾಸಕೋಶಕ್ಕೆ ನೀರು ನುಗ್ಗುತ್ತದೆ. ರಕ್ತದೊತ್ತಡ, ನಾಡಿಬಡಿತ ಒಮ್ಮೆಲೇ ಏರುತ್ತವೆ. ಹೃದಯದ ರಕ್ತನಾಳಗಳು ಕಿರಿದಾದವರಿಗೆ ಇದು ಅಪಾಯ. ಸುಮಾರು ಒಂದು ನಿಮಿಷದಲ್ಲಿ ಉಸಿರು ಹತೋಟಿಗೆ ಬರುತ್ತದೆ. ಅನಂತರ ಕೈಕಾಲು ಹೇಳಿದಂತೆ ಕೇಳುವುದು ಹತ್ತು ನಿಮಿಷದ ಆಸುಪಾಸು ಮಾತ್ರ. ಮೈ ತೀರಾ ತಣ್ಣಗಾಗಿ ಪ್ರಜ್ಞೆ ತಪ್ಪುವುದು ಅದಕ್ಕೂ ಬಹಳ ಹೊತ್ತಿನ ಮೇಲೆ. ಆದ್ದರಿಂದ ಬಿದ್ದವರ ಮೊದಲ ಕೆಲಸ ಈಜುವುದಲ್ಲ, ಉಸಿರನ್ನು ಹಿಡಿತಕ್ಕೆ ತಂದುಕೊಳ್ಳುವುದು. ಆ ಒಂದು ನಿಮಿಷ ನಿಮ್ಮನ್ನು ತೇಲಿಸುವುದು ಲೈಫ್ ಜಾಕೆಟ್. ಸೆಕೆಯೆಂದು ಅದರ ಪಟ್ಟಿ ಸಡಿಲಿಸಬೇಡಿ. ಅಂಗಾತ ತೇಲುತ್ತಾ ಪಾದಗಳನ್ನು ಹರಿವಿನ ದಿಕ್ಕಿಗೆ ಚಾಚಿ. ಸೆಳೆತವಿರುವಲ್ಲಿ ನಿಲ್ಲಲು ಹೋದರೆ ಕಾಲು ಬಂಡೆಗಳ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಸೀರೆ, ದುಪಟ್ಟಾಗಳನ್ನು ಮಗನ ಮನೆಯಲ್ಲೇ ಬಿಟ್ಟು ಹೋಗುವುದು ಒಳ್ಳೆಯದು.

ಇನ್ನು ಸೆಕೆಯ ವಿಷಯ. ಮಂಗಳೂರಿನ ಸೆಕೆಯಲ್ಲಿ ಬೆವರು ಧಾರೆಯಾಗಿ ಇಳಿಯುತ್ತದೆ, ಕಣ್ಣಿಗೆ ಕಾಣುತ್ತದೆ. ಮರುಭೂಮಿಯ ಒಣ ಗಾಳಿಯಲ್ಲಿ ಬೆವರು ಹೊರಬಂದ ಕೂಡಲೇ ಆರಿಹೋಗುತ್ತದೆ. ಮೈ ಒಣಗಿಯೇ ಇರುವುದರಿಂದ ಬೆವರಿಲ್ಲವೆಂದೇ ಜನ ತಿಳಿಯುತ್ತಾರೆ. ಸಂಜೆ ಅಂಗಿಯ ಬೆನ್ನಿನ ಮೇಲೆ ಬಿಳಿಯ ಉಪ್ಪಿನ ಗೆರೆ ಕಂಡಾಗ ಗೊತ್ತಾಗುತ್ತದೆ, ಹೋದದ್ದು ನೀರು ಮಾತ್ರವಲ್ಲ ಎಂದು.

ಮಗನ ಸಲಹೆ ಸಾಲದು ಎಂದು ನಾನು ಹೇಳಿದ್ದು ಇದಕ್ಕಾಗಿಯೇ. ರಕ್ತದಲ್ಲಿ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕು. ಬೆವರಿನಲ್ಲಿ ಉಪ್ಪು ಕಳೆದುಕೊಂಡು, ಊಟ ಸೇರದೆ, ಬರೀ ನೀರನ್ನೇ ಗಂಟೆಗಂಟೆಗೂ ಲೀಟರುಗಟ್ಟಲೆ ಕುಡಿದರೆ ರಕ್ತ ತೆಳುವಾಗುತ್ತದೆ. ಜೀವಕೋಶಗಳು ನೀರು ಹೀರಿ ಉಬ್ಬುತ್ತವೆ. ಮಿದುಳಿಗೆ ಉಬ್ಬಲು ತಲೆಬುರುಡೆಯೊಳಗೆ ಜಾಗವಿಲ್ಲ. ತಲೆನೋವು, ಓಕರಿಕೆ, ಆಮೇಲೆ ಗೊಂದಲ, ಕೊನೆಗೆ ಫಿಟ್ಸ್. ಗ್ರ್ಯಾಂಡ್ ಕ್ಯಾನಿಯನ್‌ನ ಕಾಲ್ನಡಿಗೆಯವರಲ್ಲಿ ಈ ತೊಂದರೆಯನ್ನು ವೈದ್ಯರು 1990ರ ದಶಕದಲ್ಲೇ ಗುರುತಿಸಿ ಬರೆದಿದ್ದಾರೆ. ಮೂತ್ರ ಹೆಚ್ಚಿಸುವ ಕೆಲವು ಮಾತ್ರೆಗಳು, ಖಿನ್ನತೆಯ ಕೆಲವು ಔಷಧಿಗಳು ಸೋಡಿಯಂ ಅನ್ನು ಮೊದಲೇ ತಗ್ಗಿಸಿರುತ್ತವೆ. ನೋವಿಗೆಂದು ನುಂಗುವ ಐಬುಪ್ರೊಫೆನ್ ಕೂಡ ಇಲ್ಲಿ ಒಳ್ಳೆಯದಲ್ಲ, ಮೂತ್ರಪಿಂಡಕ್ಕೂ ಅದು ಹೊರೆ.

ನೀರು ಕಡಿಮೆಯಾದರೂ ತಲೆನೋವು, ಸುಸ್ತು, ಓಕರಿಕೆ ಬರುತ್ತವೆ. ಹಾಗಾದರೆ ವ್ಯತ್ಯಾಸ ತಿಳಿಯುವುದು ಹೇಗೆ? ಮೂತ್ರ ಕಡಿಮೆ, ಗಾಢ ಹಳದಿ, ಬಾಯಾರಿಕೆ ವಿಪರೀತ ಎಂದಾದರೆ ನೀರಿನ ಕೊರತೆ ಇರಬಹುದು. ಬೆಳಗ್ಗಿನಿಂದ ಬಾಟಲಿಗಳನ್ನು ಖಾಲಿ ಮಾಡುತ್ತಾ ಬಂದಿದ್ದಾರೆ, ತಿಂದದ್ದು ಏನೂ ಇಲ್ಲ, ಮೂತ್ರ ನೀರಿನಂತೆ ಮತ್ತೆ ಮತ್ತೆ ಹೋಗುತ್ತಿದೆ, ಬೆರಳಿನ ಉಂಗುರ ಬಿಗಿಯಾಗಿದೆ ಎಂದಾದರೆ ಸೋಡಿಯಂ ಇಳಿದಿರಬಹುದು. ಇವರಿಗೆ ಇನ್ನಷ್ಟು ಬರೀ ನೀರು ಕುಡಿಸಬಾರದು. ಮಾತು ತೊದಲಿದರೆ, ಗೊಂದಲ ಕಂಡರೆ ಕಾರಣ ಯಾವುದೇ ಇರಲಿ, ದೋಣಿಯ ಮಾರ್ಗದರ್ಶಿ ಸಹಾಯಕ್ಕೆ ಕರೆಯಲೇಬೇಕು. ಮೈ ಕಾದಿದ್ದರೆ ಆಗ ಆ ತಣ್ಣನೆಯ ನದಿಯೇ ಔಷಧಿ: ನೆರಳಿಗೆ ತಂದು, ನೀರು ಸುರಿದು, ಬೀಸಿ ಕೂಡಲೇ ತಂಪು ಮಾಡಬೇಕು. ಎಚ್ಚರ ಸರಿಯಿಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ.

ಇದನ್ನೆಲ್ಲ ತಪ್ಪಿಸುವ ಉಪಾಯ ನಮ್ಮ ಅಡುಗೆಮನೆಯಲ್ಲೇ ಇದೆ. ಬಾಯಾರಿಕೆಯಾದಾಗ ಕುಡಿಯಿರಿ, ಜೊತೆಗೆ ಏನಾದರೂ ತಿನ್ನಿ. ಉಪ್ಪು ಹಾಕಿದ ಕಡಲೆಬೀಜ, ಮಗನ ಮನೆಯ ಫ್ರಿಜ್ಜಿನಲ್ಲಿರುವ ಉಪ್ಪಿನಕಾಯಿ, ಅವಲಕ್ಕಿ ಚೂಡ, ಯಾವುದಾದರೂ ಆದೀತು. ಓ.ಆರ್.ಎಸ್. ಪೊಟ್ಟಣಗಳನ್ನು ಇಲ್ಲಿಂದಲೇ ಒಯ್ಯಿರಿ. ಅದಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಹೃದಯದ ವೈಫಲ್ಯ, ಮೂತ್ರಪಿಂಡದ ಕಾಯಿಲೆ, ಸಕ್ಕರೆ ಕಾಯಿಲೆ ಇದ್ದವರು ಮಾತ್ರ ತಮ್ಮ ವೈದ್ಯರನ್ನು ಕೇಳದೆ ಹೀಗೆ ಮಾಡಬಾರದು.

ಹೊಟ್ಟೆಯ ಮಾತೂ ಒಂದಿದೆ. 2022ರ ಏಪ್ರಿಲ್‌ನಿಂದ ಜೂನ್‌ವರೆಗೆ ಇದೇ ಕಮರಿಯಲ್ಲಿ ದೋಣಿಯವರು, ಚಾರಣಿಗರು ಸೇರಿ ಕನಿಷ್ಠ 222 ಮಂದಿ ವಾಂತಿಭೇದಿಗೆ ಸಿಕ್ಕರು. ಮುಖ್ಯ ಕಾರಣ ನೊರೊವೈರಸ್. ಕೈಗೆ ಉಜ್ಜುವ ಸ್ಯಾನಿಟೈಸರ್ ಈ ವೈರಸ್ಸಿಗೆ ಅಷ್ಟಾಗಿ ಜಗ್ಗುವುದಿಲ್ಲ, ಸೋಪು ನೀರೇ ಬೇಕು. ಸೆಕೆಯಲ್ಲಿ ಭೇದಿ ಸೇರಿಕೊಂಡರೆ ಮೇಲೆ ಹೇಳಿದ ಲೆಕ್ಕವೆಲ್ಲ ಇನ್ನೂ ಬೇಗ ತಪ್ಪುತ್ತದೆ.

ಟಿಕೆಟ್ ಕಾದಿರಿಸುವಾಗ ಒಂದನ್ನು ವಿಚಾರಿಸಿ. ಅರ್ಧ ದಾರಿಯ ಪ್ರವಾಸಗಳಲ್ಲಿ ಕೆಲವು, ನಡುವಿನ ಫ್ಯಾಂಟಮ್ ರ‍್ಯಾಂಚ್ ಹತ್ತಿರ ಮುಗಿಯುತ್ತವೆ. ಅಲ್ಲಿಂದ ದಕ್ಷಿಣ ಅಂಚಿಗೆ ನಡೆದೇ ಹತ್ತಬೇಕು, ಏರು ಸುಮಾರು 1300 ಮೀಟರ್. ಮೈಸೂರಿನಿಂದ ಚಾಮುಂಡಿ ಬೆಟ್ಟ ಹತ್ತುವುದರ ನಾಲ್ಕು ಪಟ್ಟು! ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ತಂಪಾಗಿಡುವ ವ್ಯವಸ್ಥೆ ಇದೆಯೇ ಎಂದೂ ಕೇಳಬೇಕು. ಹಿರಿಯರಿಗೆ ಇನ್ನೊಂದು ದಾರಿಯಿದೆ. ಗ್ಲೆನ್ ಕ್ಯಾನಿಯನ್ ಅಣೆಕಟ್ಟಿನಿಂದ ಲೀಸ್ ಫೆರಿವರೆಗೆ ಸುಮಾರು 24 ಕಿಲೋಮೀಟರ್ ನದಿ ಶಾಂತವಾಗಿ ಹರಿಯುತ್ತದೆ. ಎತ್ತರದ ಕೆಂಪು ಬಂಡೆಗಳ ನಡುವೆ ಅರ್ಧ ದಿನದಲ್ಲಿ ಹೋಗಿಬರಬಹುದು.

ಆಕೆಯ ರಕ್ತಪರೀಕ್ಷೆ ಮಾಡಿಸಿದೆ. ಸೋಡಿಯಂ 131 ಇತ್ತು, ಬೆಂಗಳೂರಿನ ತಂಪಿನಲ್ಲೇ. ಮಾತ್ರೆ ಬದಲಿಸಿದ ಮೇಲೆ ಮೊನ್ನೆ 137ಕ್ಕೆ ಬಂದಿದೆ. ಮಗನೊಡನೆ ಫೋನಿನಲ್ಲಿ ಮಾತಾಡಿ ಅರ್ಧ ದಿನದ ದೋಣಿಯನ್ನೇ ಗೊತ್ತು ಮಾಡಿದ್ದಾರೆ. ಯಜಮಾನರಿಗೆ ಮಾತ್ರ ದೊಡ್ಡ ಅಲೆಗಳು ತಪ್ಪಿದವಲ್ಲ ಎಂಬ ಬೇಸರ ಇನ್ನೂ ಇದೆ.