ಶಾಲೆಗಾಗಿ ಮತದಾನ: ಅಮೆರಿಕದ ಶಾಲಾ ಮಂಡಳಿಗಳು ಮತ್ತು ನಮ್ಮ ಶಾಲಾ ಸಮಿತಿ

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ಅಮೆರಿಕದ ಓಹಾಯೋ ರಾಜ್ಯದಿಂದ ಊರಿಗೆ ಬಂದವನು, ನನ್ನನ್ನು ಕಾಣಲೆಂದು ಮನೆಗೂ ಬಂದಿದ್ದ. ಕುಶಲ ಪ್ರಶ್ನೆಗಳು ಮುಗಿದ ಮೇಲೆ, "ಗುರುಗಳ, ಈ ಸಲ ನಮ್ಮ ಊರ ಸಾಲಿ ಸೋತದರಿ" ಎಂದ. ಯಾವ ಆಟದಲ್ಲಿ ಎಂದು ಕೇಳಿದೆ. "ಆಟದಾಗ ಅಲ್ರಿ ಸರ, ಓಟಿನಾಗ" ಎಂದು ನಕ್ಕ. ಶಾಲೆಯೊಂದು ಮತದಾನದಲ್ಲಿ ಸೋಲುವುದೆಂದರೇನು? ನಲವತ್ತು ವರ್ಷ ಶಾಲೆಯಲ್ಲಿ ಕಳೆದ ನನಗೂ ಅದು ತಿಳಿಯಲಿಲ್ಲ. ಅಂದಿನಿಂದ ಈ ವಿಷಯವನ್ನು ಕುರಿತು ಸಿಕ್ಕಿದ್ದನ್ನೆಲ್ಲ ಓದಿ ತಿಳಿದುಕೊಂಡೆ. ಸುವರ್ಣ ಮಹೋತ್ಸವದ ಈ ಸಂಚಿಕೆಯ ಓದುಗರಿಗೂ ಅದು ಉಪಯುಕ್ತವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣವೆಂಬ ಶಬ್ದವೇ ಇಲ್ಲ. ಅದು ರಾಜ್ಯಗಳ ಹೊಣೆ. ರಾಜ್ಯಗಳು ಅದನ್ನು ಊರೂರಿನ ಶಾಲಾ ಜಿಲ್ಲೆಗಳಿಗೆ ವಹಿಸಿವೆ. ಈ ಜಿಲ್ಲೆಯೆಂದರೆ ನಮ್ಮ ಸೋಲಾಪುರ ಜಿಲ್ಲೆಯಂಥದ್ದಲ್ಲ. ಬಹುಮಟ್ಟಿಗೆ ಒಂದು ಪಟ್ಟಣ ಅಥವಾ ಕೆಲವು ಹಳ್ಳಿಗಳಷ್ಟರದು. ದೇಶದಲ್ಲಿ ಇಂಥ ಸುಮಾರು 13,000 ಜಿಲ್ಲೆಗಳಿವೆ. 1940ರ ಸುಮಾರಿಗೆ ಅವು 1,17,000ಕ್ಕೂ ಮಿಕ್ಕಿದ್ದವು. ಸಣ್ಣವನ್ನು ಒಂದರೊಡನೊಂದು ಕೂಡಿಸುತ್ತ ಬಂದರು. ಹೆಚ್ಚಿನ ಜಿಲ್ಲೆಗಳಲ್ಲಿ ಐದರಿಂದ ಒಂಬತ್ತು ಸದಸ್ಯರ ಶಾಲಾ ಮಂಡಳಿಯನ್ನು ಜನರೇ ನೇರವಾಗಿ ಆರಿಸುತ್ತಾರೆ. ಬಹುತೇಕ ರಾಜ್ಯಗಳಲ್ಲಿ ಮತಪತ್ರದ ಮೇಲೆ ಅಭ್ಯರ್ಥಿಯ ಪಕ್ಷದ ಹೆಸರಿರುವುದಿಲ್ಲ. ಮುಖ್ಯಾಡಳಿತಾಧಿಕಾರಿಯನ್ನು ನೇಮಿಸುವುದು, ಶಿಕ್ಷಕರ ವೇತನವನ್ನು ಗೊತ್ತುಪಡಿಸುವುದು, ಯಾವ ಕಟ್ಟಡವನ್ನು ಮುಚ್ಚಬೇಕು, ಯಾವುದನ್ನು ಕಟ್ಟಬೇಕೆಂದು ತೀರ್ಮಾನಿಸುವುದು ಈ ಮಂಡಳಿಯ ಕೆಲಸ.

ಇನ್ನು ಹಣದ ಮಾತು. ಶಾಲೆಯ ಖರ್ಚಿನಲ್ಲಿ ಹತ್ತಿರ ಹತ್ತಿರ ಅರ್ಧದಷ್ಟನ್ನು ರಾಜ್ಯ ಸರಕಾರ ಕೊಡುತ್ತದೆ. ಬಹುತೇಕ ಅಷ್ಟೇ ಪಾಲು ಸ್ಥಳೀಯವಾಗಿ, ಮುಖ್ಯವಾಗಿ ಮನೆ ಮತ್ತು ಜಮೀನಿನ ಮೇಲಿನ ತೆರಿಗೆಯಿಂದ ಬರಬೇಕು. ಕೇಂದ್ರದ ಪಾಲು ಸಣ್ಣದು. ಓಹಾಯೋದಲ್ಲಿ ಆಸ್ತಿಯ ಬೆಲೆಯ ಶೇಕಡಾ ಒಂದನ್ನು ಮೀರಿ ತೆರಿಗೆ ಹಾಕಬೇಕಾದರೆ ಜನರ ಒಪ್ಪಿಗೆಯನ್ನು ಮತದಾನದಿಂದಲೇ ಪಡೆಯಬೇಕು. ಅಲ್ಲಿ ಲೆಕ್ಕ ನಡೆಯುವುದು ಮಿಲ್‌ಗಳಲ್ಲಿ. ಒಂದು ಮಿಲ್ ಎಂದರೆ ಡಾಲರಿನ ಸಾವಿರದ ಒಂದಂಶ. ಮನೆಯ ಬೆಲೆ 2,00,000 ಡಾಲರ್ ಎನ್ನಿ. ತೆರಿಗೆಗೆ ಹಿಡಿಯುವುದು ಅದರ ಶೇಕಡಾ 35, ಅಂದರೆ 70,000. ಐದು ಮಿಲ್‌ಗಳ ಹೊಸ ತೆರಿಗೆಗೆ ಜನ ಒಪ್ಪಿದರೆ ಆ ಮನೆಯವನು ವರ್ಷಕ್ಕೆ 350 ಡಾಲರ್ ಹೆಚ್ಚು ಕೊಡಬೇಕಾಗುತ್ತದೆ. ಏಳನೆಯ ಇಯತ್ತೆಯ ಹುಡುಗರೂ ಬಿಡಿಸಬಲ್ಲ ಲೆಕ್ಕ. ಆದರೆ ಊರಿಗೆ ಊರೇ ಇದರ ಮೇಲೆ ಇಬ್ಭಾಗವಾಗುವುದುಂಟು.

ಇದರಲ್ಲಿ ಇನ್ನೊಂದು ತೊಡಕಿದೆ. ಮನೆಗಳ ಬೆಲೆ ಏರಿದ ಹಾಗೆ ತೆರಿಗೆಯೂ ತಾನಾಗಿ ಏರಬಾರದೆಂದು ಓಹಾಯೋ ಶಾಸನಸಭೆಯು 1976ರಲ್ಲಿ ಕಾಯದೆಯೊಂದನ್ನು ಮಾಡಿತು. ಆಸ್ತಿವಂತರಿಗೆ ಅದರಿಂದ ನೆಮ್ಮದಿಯಾಯಿತು. ಆದರೆ ಶಾಲೆಯ ಖರ್ಚು ಬೆಲೆ ಏರಿಕೆಯೊಡನೆ ಬೆಳೆಯುತ್ತದೆ, ಒಪ್ಪಿಗೆಯಾದ ತೆರಿಗೆಯ ಉತ್ಪನ್ನ ಮಾತ್ರ ಇದ್ದಲ್ಲೇ ಇರುತ್ತದೆ. ಆದುದರಿಂದ ಶಾಲಾ ಮಂಡಳಿಯು ಕೆಲವು ವರ್ಷಗಳಿಗೊಮ್ಮೆ ಮತ್ತೆ ಜನರ ಮುಂದೆ ಕೈಯೊಡ್ಡಿ ನಿಲ್ಲಲೇಬೇಕು. ನನ್ನ ವಿದ್ಯಾರ್ಥಿಯ ಊರಿನಲ್ಲಿ ಆದದ್ದು ಇದೇ. ಮತದಾನದಲ್ಲಿ ಬೇಡವೆಂದವರೇ ಹೆಚ್ಚಾದರು. ಎರಡು ಮೈಲಿಗಿಂತ ದೂರದ ಎಂಟನೆಯ ತರಗತಿವರೆಗಿನ ಮಕ್ಕಳಿಗೆ ಮಾತ್ರ ಅಲ್ಲಿ ಬಸ್ಸು ಕಡ್ಡಾಯ. ಹೈಸ್ಕೂಲಿನವರಿಗೆ ಕೊಡುವುದು ಮಂಡಳಿಯ ಇಚ್ಛೆ. ಆ ಬಸ್ಸು ನಿಂತಿತು. ಆಟಕ್ಕೆ ಸೇರಲು ಶುಲ್ಕ ಬಂತು. ಇವನ ಮಗಳು ಆಗ ಹೈಸ್ಕೂಲಿನಲ್ಲಿದ್ದಳು. ಇವನು ಮನೆಯ ತೆರಿಗೆಯನ್ನು ತಪ್ಪದೆ ಕಟ್ಟುತ್ತಿದ್ದ, ಆದರೆ ಪೌರತ್ವವಿಲ್ಲದ ಕಾರಣ ಮತ ಹಾಕುವಂತಿರಲಿಲ್ಲ. "ಕೊಡಾಕ ಬೇಕು, ಕೇಳಾಕ ಬ್ಯಾಡ" ಎಂದು ಅವನು ಹೇಳಿದ ಮಾತು ಈಗಲೂ ನನ್ನ ಕಿವಿಯಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೋ ನಗರದ ಮತದಾರರು 2016ರಲ್ಲಿ, ಪೌರರಲ್ಲದ ಪಾಲಕರೂ ಶಾಲಾ ಮಂಡಳಿಯ ಚುನಾವಣೆಯಲ್ಲಿ ಮತ ಹಾಕಬಹುದೆಂದು ಒಪ್ಪಿದರು. 2022ರಲ್ಲಿ ಒಂದು ನ್ಯಾಯಾಲಯ ಅದನ್ನು ರದ್ದು ಮಾಡಿತು, 2023ರಲ್ಲಿ ಮೇಲಿನ ನ್ಯಾಯಾಲಯ ಎತ್ತಿಹಿಡಿಯಿತು. ಓಹಾಯೋದಲ್ಲಿ ಅಂಥ ಅವಕಾಶ ಅವನಿಗಿರಲಿಲ್ಲ.

ಈ ಪದ್ಧತಿಯ ದೊಡ್ಡ ದೋಷವನ್ನೂ ಹೇಳಬೇಕು. ಟೆಕ್ಸಾಸಿನ ಸ್ಯಾನ್ ಆಂಟೋನಿಯೋ ನಗರದಲ್ಲಿ ಎಡ್ಜ್‌ವುಡ್ ಎಂಬುದು ಬಡವರ ಶಾಲಾ ಜಿಲ್ಲೆ, ಆಲಮೋ ಹೈಟ್ಸ್ ಎಂಬುದು ಶ್ರೀಮಂತರದು. 1967-68ರಲ್ಲಿ ಎಡ್ಜ್‌ವುಡ್ಡಿನ ಜನ ಆಸ್ತಿಯ ನೂರು ಡಾಲರಿಗೆ 1.05 ಡಾಲರ್ ತೆರಿಗೆ ಕೊಟ್ಟರು. ಅದರಿಂದ ರಾಜ್ಯದ ನಿಧಿಗೆ ಸಲ್ಲಬೇಕಾದುದು ಕಳೆದು ಪ್ರತಿ ಮಗುವಿಗೆ ದೊರೆತದ್ದು 26 ಡಾಲರ್. ಆಲಮೋ ಹೈಟ್ಸಿನವರು ಕೊಟ್ಟದ್ದು ನೂರಕ್ಕೆ 85 ಸೆಂಟ್ ಮಾತ್ರ. ಅವರ ಪ್ರತಿ ಮಗುವಿಗೆ ದೊರೆತದ್ದು 333 ಡಾಲರ್. ಹೆಚ್ಚು ದರದಲ್ಲಿ ತೆರಿಗೆ ಕೊಟ್ಟವನಿಗೆ ಕಡಿಮೆ! ಡಿಮೆಟ್ರಿಯೋ ರೊಡ್ರಿಗೆಸ್ ಎಂಬ ತಂದೆ ಇತರ ಪಾಲಕರೊಡನೆ ನ್ಯಾಯಾಲಯಕ್ಕೆ ಹೋದರು. 1973ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವು ಐದಕ್ಕೆ ನಾಲ್ಕು ನ್ಯಾಯಮೂರ್ತಿಗಳ ಬಹುಮತದಿಂದ, ಶಿಕ್ಷಣವು ಸಂವಿಧಾನವಿತ್ತ ಮೂಲಭೂತ ಹಕ್ಕಲ್ಲವೆಂದು ಅವರ ಬೇಡಿಕೆಯನ್ನು ತಳ್ಳಿಹಾಕಿತು. ಆಮೇಲಿನ ಹೋರಾಟಗಳೆಲ್ಲ ರಾಜ್ಯಗಳ ನ್ಯಾಯಾಲಯಗಳಿಗೆ ಹೋದವು. ಓಹಾಯೋದ ಸರ್ವೋಚ್ಚ ನ್ಯಾಯಾಲಯವೂ 1997ರಲ್ಲಿ, ಆಸ್ತಿ ತೆರಿಗೆಯನ್ನೇ ಅತಿಯಾಗಿ ನೆಚ್ಚಿದ ತನ್ನ ರಾಜ್ಯದ ವ್ಯವಸ್ಥೆ ಸಂವಿಧಾನಬಾಹಿರವೆಂದು ಸಾರಿತು.

ಕ್ಯಾಲಿಫೋರ್ನಿಯಾದ ಜನ 1978ರಲ್ಲಿ ಮತದಾನದಿಂದಲೇ ಆಸ್ತಿ ತೆರಿಗೆಗೆ ಶೇಕಡಾ ಒಂದರ ಕಟ್ಟು ಹಾಕಿದರು. ಶಾಲಾ ಕಟ್ಟಡಗಳ ಸಾಲಪತ್ರಕ್ಕೆ ಅಲ್ಲಿ ಮೂರರಲ್ಲಿ ಎರಡು ಪಾಲು ಮತಗಳು ಬೇಕಾಗಿದ್ದವು. 2000ರಲ್ಲಿ ಅದನ್ನು ಶೇಕಡಾ 55ಕ್ಕೆ ಇಳಿಸಲು ಒಪ್ಪಿದವರೂ ಮತದಾರರೇ.

ಇಷ್ಟೆಲ್ಲ ಅಧಿಕಾರವಿದ್ದೂ ಶಾಲಾ ಮಂಡಳಿಯ ಚುನಾವಣೆಗೆ ಅನೇಕ ಕಡೆ ನೂರಕ್ಕೆ ಹತ್ತು ಮಂದಿಯೂ ಬರುವುದಿಲ್ಲವಂತೆ. ಹೆಂಗಸರಿಗೆ ಈ ಮತ ಎಷ್ಟು ದುಡಿದು ದಕ್ಕಿದ್ದೆಂಬುದನ್ನು ನೆನೆದರೆ ವ್ಯಸನವಾಗುತ್ತದೆ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಹೆಂಗಸರು ಶಾಲಾ ಸಮಿತಿಗೆ ಮತ ಹಾಕುವ ಹಕ್ಕನ್ನು ಪಡೆದದ್ದು 1879ರಲ್ಲಿ. ಉಳಿದ ಎಲ್ಲ ಚುನಾವಣೆಗಳ ಹಕ್ಕಿಗೆ ಅವರು 1920ರವರೆಗೆ ಕಾಯಬೇಕಾಯಿತು. ಗಡಿಯ ಈಚೆ ಬಾಳುವ ನಮ್ಮಂಥವರ ಲಕ್ಷ್ಯಕ್ಕೆ ತಕ್ಕ ಇನ್ನೊಂದು ಸಂಗತಿಯುಂಟು. ಇಂಗ್ಲಿಷ್ ಸಾಕಷ್ಟು ಬಾರದ ಭಾಷಾ ಅಲ್ಪಸಂಖ್ಯಾತ ಮತದಾರರು ಗೊತ್ತಾದ ಪ್ರಮಾಣಕ್ಕಿಂತ ಹೆಚ್ಚಿರುವೆಡೆ ಮತಪತ್ರವನ್ನು ಅವರ ಭಾಷೆಯಲ್ಲಿಯೂ ಕೊಡಬೇಕೆಂದು 1975ರಲ್ಲಿ ಕಾಯದೆಯಾಯಿತು. ಶಾಲಾ ಮಂಡಳಿಯ ಚುನಾವಣೆಗೂ ಅದು ಅನ್ವಯಿಸುತ್ತದೆ.

ನಮ್ಮಲ್ಲಿ ಏನಿತ್ತು? ಮುಂಬಯಿ ಇಲಾಖೆಯಲ್ಲಿ 1860ರ ದಶಕದಿಂದ ಭೂಕಂದಾಯದ ರೂಪಾಯಿಗೆ ಒಂದಾಣೆಯಂತೆ ಸ್ಥಳೀಯ ನಿಧಿ ಎತ್ತುತ್ತಿದ್ದರು, ಅದರ ಮೂರನೆಯ ಒಂದು ಪಾಲು ಶಾಲೆಗಳಿಗೆ. ಕೊಡುವ ರೈತನನ್ನು ಯಾರೂ ಕೇಳಿರಲಿಲ್ಲ. 1923ರ ಪ್ರಾಥಮಿಕ ಶಿಕ್ಷಣ ಕಾಯದೆಯಿಂದ ಶಾಲಾ ಮಂಡಳಿಗಳು ಬಂದವು, 1947ರಲ್ಲಿ ಅವುಗಳ ರೂಪ ಬದಲಾಯಿತು. ಸಂಸ್ಥಾನವಾಗಿದ್ದ ಅಕ್ಕಲಕೋಟೆ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1962ರಿಂದ ಪ್ರಾಥಮಿಕ ಶಾಲೆಗಳು ಜಿಲ್ಲಾ ಪರಿಷತ್ತಿನ ಕೈಗೆ ಬಂದವು. ಹಣಕ್ಕಾಗಿ ಊರವರ ಮತ ಕೇಳುವ ಪದ್ಧತಿ ಎಂದೂ ಇರಲಿಲ್ಲ. ಎಡ್ಜ್‌ವುಡ್ಡಿನ ಕಥೆ ಓದಿದ ಮೇಲೆ, ಅದು ಇಲ್ಲದಿದ್ದುದೇ ಬಡ ಊರುಗಳಿಗೆ ಒಳ್ಳೆಯದಾಯಿತೆಂದು ನನ್ನ ಅಭಿಪ್ರಾಯ.

ಆದರೆ ಒಂದು ಮತ ನಮಗೂ ಉಂಟು. 2009ರ ಶಿಕ್ಷಣ ಹಕ್ಕಿನ ಕಾಯದೆಯ 21ನೆಯ ಕಲಮಿನಂತೆ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಶಾಲಾ ವ್ಯವಸ್ಥಾಪನ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಮುಕ್ಕಾಲು ಪಾಲು ಪಾಲಕರು, ಒಟ್ಟಿನಲ್ಲಿ ಅರ್ಧದಷ್ಟು ಮಹಿಳೆಯರು. ಶಾಲೆಯ ವಿಕಾಸ ಯೋಜನೆಯನ್ನು ಬರೆಯುವುದೂ, ಅನುದಾನ ಹೇಗೆ ಖರ್ಚಾಯಿತೆಂದು ನೋಡುವುದೂ ಈ ಸಮಿತಿಯ ಕೆಲಸ. ಅಲ್ಪಸಂಖ್ಯಾತರು ಸ್ಥಾಪಿಸಿದ ಶಾಲೆಗಳಲ್ಲಿಯೂ ಉಳಿದೆಲ್ಲ ಅನುದಾನಿತ ಶಾಲೆಗಳಲ್ಲಿಯೂ 2012ರ ತಿದ್ದುಪಡಿಯಂತೆ ಅದು ಸಲಹೆ ಕೊಡುವ ಸಮಿತಿ ಮಾತ್ರ. ಕನ್ನಡ ಶಿಕ್ಷಕರ ಹುದ್ದೆ ಖಾಲಿ ಉಳಿದಾಗ, ಎಷ್ಟು ಮಕ್ಕಳಿದ್ದಾರೆ, ಎಷ್ಟು ಶಿಕ್ಷಕರು ಬೇಕು ಎಂಬುದು ಆ ಯೋಜನೆಯಲ್ಲಿ ಬರಹರೂಪದಲ್ಲಿದ್ದರೆ ಕೇಳುವವನ ಕೈಯಲ್ಲಿ ಕಾಗದವಿರುತ್ತದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದಲೇ ಹೇಳುತ್ತಿದೆ; ಕೇಳುವವರು ಸಭೆಗೆ ಬರಬೇಕು.

ಈ ಕಾಯದೆಗೂ ಮೊದಲು ಗ್ರಾಮ ಶಿಕ್ಷಣ ಸಮಿತಿಗಳಿದ್ದವು. ಮರೆಮಾಚದೆ ಹೇಳುತ್ತೇನೆ: ನಾನು ಸೇವೆ ಸಲ್ಲಿಸಿದ ಶಾಲೆಯೊಂದರಲ್ಲಿ ಸಭೆಗೆ ಯಾರೂ ಬಾರದೆ ಹೋದಾಗ, ನಾನೇ ಠರಾವು ಬರೆದು, ನಡಾವಳಿಯ ಪುಸ್ತಕವನ್ನು ಸಿಪಾಯಿಯ ಕೈಯಲ್ಲಿ ಮನೆಮನೆಗೆ ಕಳಿಸಿ ಸಹಿ, ಹೆಬ್ಬೆಟ್ಟು ತರಿಸಿದ್ದುಂಟು. ಸುಗ್ಗಿಯ ದಿನಗಳು, ಜನ ಹೊಲದಲ್ಲಿರುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಸಂಜೆ ಏಳಕ್ಕೆ ಸಭೆ ಕರೆಯಬಹುದಿತ್ತು. ಓಹಾಯೋದ ಹುಡುಗ ಅಂದು ಹೊರಡುವಾಗ, "ಸರ, ನಮ್ಮ ಸಾಲಿ ಕಮಿಟಿಗೆ ಓಟು ಯಾವಾಗರಿ?" ಎಂದು ಕೇಳಿದ. ಉತ್ತರ ಕೊಡಲು ನಾನು ಮರುದಿನ ಶಾಲೆಗೆ ಹೋಗಿ ವಿಚಾರಿಸಬೇಕಾಯಿತು.